ವೈನಿ ತೋರಿಸಿದ ಬಾಲಚುಕ್ಕಿ

ಮಸ್ಕಿಯ ನಮ್ಮ ಮನೆಯಲ್ಲಿ ಮಾಳಿಗೆಗೆ ಹತ್ತುವ ಕಲ್ಲಿನ ಮೆಟ್ಟಿಲುಗಳು ಅಡುಗೆಮನೆಯ ಬಾಗಿಲಿಗೆ ಹೊಂದಿಕೊಂಡೇ ಇದ್ದವು. ಇಕ್ಕಟ್ಟಾದ, ಕಡಿದಾದ ಮೆಟ್ಟಿಲು. ಹಿಡಿದುಕೊಳ್ಳಲು ಆಸರೆಯಿಲ್ಲ, ಗೋಡೆಗೆ ಅಂಗೈ ಊರಿಕೊಂಡೇ ಹತ್ತಬೇಕು. ಹಾಗೆ ಹತ್ತಿ ಇಳಿದು ಸುಣ್ಣದ ಗೋಡೆಯ ಮೇಲೆ ಎಣ್ಣೆಜಿಡ್ಡಿನ ಒಂದು ಪಟ್ಟಿಯೇ ಮೂಡಿತ್ತು. ಬೇಸಿಗೆ ಬಂತೆಂದರೆ ಮನೆಯ ಬದುಕೆಲ್ಲ ಆ ಮೆಟ್ಟಿಲ ಮೇಲೆಯೇ. ಹಪ್ಪಳ, ಸಂಡಿಗೆ, ಮೆಣಸಿನಕಾಯಿ ಬೆಳಗ್ಗೆ ಮೇಲೆ ಹೋಗಿ ಸಂಜೆ ಇಳಿಯುತ್ತಿದ್ದವು. ಹಾಸಿಗೆ, ನೀರಿನ ತಂಬಿಗೆ ಹಿಡಿದು ನಾವು ಸಂಜೆ ಹತ್ತಿ ಬೆಳಗ್ಗೆ ಇಳಿಯುತ್ತಿದ್ದೆವು. ಕೆಳಗೆ ಒಂದು ಪಡಸಾಲೆ, ದೇವರ ಕೋಣೆ, ಅಣ್ಣನ ಕೋಣೆ, ಹಿತ್ತಲಲ್ಲಿ ಬಚ್ಚಲು, ಮುಂದೆ ಸಣ್ಣ ಅಂಗಳ. ಅಪ್ಪನಿಗೆ ಬಜಾರಿನಲ್ಲಿ ಜವಳಿ ಅಂಗಡಿ. ಅವನು ಮನೆಗೆ ಬಂದರೆ ಹೊಸ ಬಟ್ಟೆಯ ಗಂಜಿವಾಸನೆಯೂ ಜೊತೆಗೆ ಒಳಗೆ ಬರುತ್ತಿತ್ತು. ಅಣ್ಣ ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುವನು. ನಾನು ಅಣ್ಣನಿಗಿಂತ ತುಂಬಾ ಚಿಕ್ಕವಳು, ಆಗಿನ್ನೂ ಪ್ರಾಥಮಿಕ ಶಾಲೆಯಲ್ಲಿದ್ದೆ.

ನಮ್ಮ ಮನೆಯ ಜಗಳಗಳಿಗೆ ಶಬ್ದವಿರಲಿಲ್ಲ. ಅವ್ವನಿಗೆ ಸಿಟ್ಟು ಬಂದರೆ ಮಾತು ನಿಲ್ಲುತ್ತಿತ್ತು, ಅಷ್ಟೇ. ರೊಟ್ಟಿ ತಾಟಿಗೆ ಬೀಳುತ್ತಿತ್ತು, ಪಲ್ಯ ಬೀಳುತ್ತಿತ್ತು, ‘ಇನ್ನೊಂದು ಹಾಕ್ಲೇನು’ ಎಂಬ ಮಾತು ಮಾತ್ರ ಬರುತ್ತಿರಲಿಲ್ಲ. ಅಪ್ಪ ಅದನ್ನು ಕಂಡೂ ಕಾಣದಂತೆ ಉಣ್ಣುತ್ತಿದ್ದ. ಅಣ್ಣ ಪೇಪರು ಓದುತ್ತಾ ಉಣ್ಣುತ್ತಿದ್ದ. ಎರಡು ಮೂರು ದಿನಗಳಾದ ಮೇಲೆ ಅವ್ವ ತಾನಾಗಿಯೇ ಮಾತಾಡುತ್ತಿದ್ದಳು. ಏನಾಗಿತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಇದು ಒಳ್ಳೆಯ ಮನೆತನದ ಲಕ್ಷಣ ಎಂದು ನಾನು ತಿಳಿದಿದ್ದೆ. ಓಣಿಯ ಬೇರೆ ಮನೆಗಳಲ್ಲಿ ಕಿರುಚಾಡುತ್ತಿದ್ದರು, ಪಾತ್ರೆ ಎಸೆಯುತ್ತಿದ್ದರು. ಅಂಥವರನ್ನು ಕಂಡರೆ ಅವ್ವನಿಗೆ ಹೇಸಿಗೆ.

ಆ ಮನೆಗೆ ಮುದಗಲ್ಲಿನಿಂದ ಕಸ್ತೂರಿ ವೈನಿ ಅಣ್ಣನ ಹೆಂಡತಿಯಾಗಿ ಬಂದಳು. ಅವಳ ತಂದೆ ಶಾಲೆಯ ಮಾಸ್ತರರು. ಅವಳು ಲಿಂಗಸುಗೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗ ಕೊನೆಯ ವರ್ಷ ಮುಗಿಯುವ ಮೊದಲೇ ಮದುವೆಯಾಗಿತ್ತು. ಸೀರೆಗಳ ಕೆಳಗೆ ಕಾಲೇಜಿನ ಪುಸ್ತಕಗಳನ್ನಿಟ್ಟುಕೊಂಡು ಬಂದಿದ್ದಳು. ಅವಳಿಗೆ ಮಾತು ಬೇಕು. ಜೋಳ ಹಸನು ಮಾಡುವಾಗ, ಪುಂಡಿಪಲ್ಯದ ಸೊಪ್ಪು ಸೋಸುವಾಗ, ಕೈಗೆ ಕೆಲಸ ಹತ್ತಿತೆಂದರೆ ಬಾಯಿಗೂ ಹತ್ತುತ್ತಿತ್ತು. ಬಚ್ಚಲ ಹಂಡೆಯ ನೀರು ಕುದಿಯುವ ಮೊದಲು ಯಾಕೆ ಗುಂಯ್ ಎನ್ನುತ್ತದೆ, ಮಣ್ಣಿನ ಮಾಳಿಗೆಯ ಕೆಳಗೆ ಬೇಸಿಗೆಯಲ್ಲೂ ಯಾಕೆ ತಂಪು, ಹೀಗೆ ಏನಾದರೂ ಹೇಳುವಳು. ನನಗೆ ಅಷ್ಟು ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ. ಶಾಲೆ ಬಿಟ್ಟ ಕೂಡಲೇ ಓಡಿಬಂದು ಅವಳ ಮಗ್ಗುಲಲ್ಲಿ ಕೂರುತ್ತಿದ್ದೆ. ಅವ್ವ ಮೊದಮೊದಲು ನಗುತ್ತಿದ್ದಳು.

“ಅಕಿ ನಿನ್ನ ವೈನ್ಯೋ, ನಿಮ್ಮ ಸಾಲಿ ಟೀಚರೋ?”

ಅವಳು ಬಂದ ಮರುವರ್ಷ ಬೇಸಿಗೆಯ ಹೊತ್ತಿಗೆ ಆ ಧೂಮಕೇತು ಬಂತು. ನಮ್ಮ ಓಣಿಯಲ್ಲಿ ಅದಕ್ಕೆ ಬಾಲಚುಕ್ಕಿ ಎಂದರು. ಪಕ್ಕದ ಮನೆಯ ಬಾನು ಖಾಲಾ ದುಮ್ದಾರ್ ತಾರಾ ಎಂದಳು. ಸೂರ್ಯ ಮುಳುಗಿ ಸ್ವಲ್ಪ ಹೊತ್ತಿಗೆ ವಾಯವ್ಯದ ಕಡೆ ಕಾಣುತ್ತಿತ್ತು. ಸಂಜೆ ಕರೆಂಟು ಹೋಗುವುದು ಆಗ ದಿನದ ಮಾತು. ಕರೆಂಟು ಹೋದೊಡನೆ ಊರಿಗೆ ಊರೇ ಕತ್ತಲಾಗಿ, ಅದೊಂದೇ ಎದ್ದು ಬರುತ್ತಿತ್ತು. ಒದ್ದೆ ಬೆರಳಿನಿಂದ ಒಂದು ಚುಕ್ಕೆ ಇಟ್ಟು ಮೇಲಕ್ಕೆ ಒರೆಸಿದಂತೆ ಬೆಳ್ಳಗೆ. ನಾನು ಮೊದಲ ಸಲ ನೋಡಿದ್ದು ವೈನಿಯ ಜೊತೆ, ಮಾಳಿಗೆಯ ಮೇಲೆ ಹಪ್ಪಳ ಎತ್ತುವಾಗ. ಅವಳು ಹಪ್ಪಳದ ಚಾದರ ಅಲ್ಲೇ ಬಿಟ್ಟು ನನ್ನ ಭುಜ ಹಿಡಿದು ತಿರುಗಿಸಿದಳು. ಅವಳ ಹಿಡಿತ ಬಿಗಿಯಾಗಿತ್ತು. ನನಗೆ ಹೆದರಿಕೆಯಾಯಿತು. ಅದು ಸಂತೋಷದ ಹಿಡಿತ ಎಂದು ಆಗ ಗೊತ್ತಾಗಲಿಲ್ಲ.

“ನೋಡು ಸುಮಾ, ಬಾಲ ಯಾವ ಕಡೆ ಐತಿ?”

“ಮ್ಯಾಲ ಐತಿ.”

“ಸೂರ್ಯ ಎಲ್ಲಿ ಮುಳುಗ್ಯಾನ?”

“ಕೆಳಗ.”

“ಹಾಂ. ಬಾಲ ಯಾವಾಗಲೂ ಸೂರ್ಯನ ಕಡೆ ಬೆನ್ನು ಮಾಡೇ ಇರ್ತೈತಿ. ಬರುವಾಗ ಹಿಂದ ಇರ್ತೈತಿ. ಸೂರ್ಯನ್ನ ಸುತ್ತು ಹಾಕಿ ಹೋಗುವಾಗ ಬಾಲ ಮುಂದ, ತಾ ಹಿಂದ.”

ಬಾಲ ಮುಂದೆ ಮಾಡಿಕೊಂಡು ಹೋಗುವ ಪ್ರಾಣಿಯನ್ನು ನೆನೆದು ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ಕೆಳಗಿನಿಂದ ಅವ್ವ ಕೂಗಿದಳು, ದೀಪ ಹಚ್ಚುವ ಹೊತ್ತಿನಲ್ಲಿ ಅದೆಂಥ ನಗು ಎಂದು.

ಊರಲ್ಲಿ ಮಾತು ಬೇರೆಯೇ ಇತ್ತು. ಬಾಲಚುಕ್ಕಿ ಕಂಡ ವರ್ಷ ದೊಡ್ಡವರು ಉಳಿಯುವುದಿಲ್ಲ, ದನಕರು ಉಳಿಯುವುದಿಲ್ಲ ಎಂದು ಹಿರಿಯರು ಹೇಳುತ್ತಿದ್ದರು. ತುರ್ವಿಹಾಳದ ಕಡೆಯ ಒಬ್ಬ ಗಿರಾಕಿ ಮದುವೆಯನ್ನು ಮುಂದಕ್ಕೆ ಹಾಕಿದ್ದೇವೆಂದು ಹೇಳಿ, ತೆಗೆದಿರಿಸಿದ್ದ ಜವಳಿಯನ್ನು ಬಿಟ್ಟುಹೋದ ಸುದ್ದಿಯನ್ನು ಅಪ್ಪ ಊಟದ ಹೊತ್ತಿನಲ್ಲಿ ಹೇಳಿದ. ಅವ್ವ ಹೆದರಿದ್ದಳು. ದೇವರ ಕೋಣೆಯಲ್ಲಿ ಸಂಜೆಯ ದೀಪ ಆರದಂತೆ ನೋಡಿಕೊಳ್ಳುತ್ತಿದ್ದಳು, ನನಗೆ ಮಾಳಿಗೆ ಹತ್ತಬೇಡ ಎಂದಿದ್ದಳು. ನಾನು ಶಾಲೆಯಲ್ಲಿ ಕೇಳಿ ಬಂದ ಹೆದರಿಕೆಗಳನ್ನೆಲ್ಲ ವೈನಿಯ ಮುಂದೆ ಸುರಿದೆ. ಆಗ ಅವಳು ಮಾಡಿದ್ದು ನನಗಾಗಿ. ಮರುದಿನ ಬೆಳಗ್ಗೆ ಅಂಗಳ ಸಾರಿಸಿ, ದಿನದ ಚುಕ್ಕಿ ರಂಗೋಲಿಯ ಬದಲು, ಉದ್ದನೆಯ ಕೋಳಿಮೊಟ್ಟೆಯಂಥ ಒಂದು ಗೆರೆ ಎಳೆದಳು. ಅಂಗಳದ ಈ ತುದಿಯಿಂದ ಆ ತುದಿಯವರೆಗೆ. ಹೊಸ್ತಿಲ ಕಡೆಯ ತುದಿಗೆ ಹತ್ತಿರ, ಗೆರೆಯ ಒಳಗೆ, ಒಂದು ಚಿಟಿಕೆ ಕುಂಕುಮ ಇಟ್ಟು ಅದು ಸೂರ್ಯ ಎಂದಳು. ಗೆರೆಯ ಮೇಲೆ ಅಲ್ಲಲ್ಲಿ ಚುಕ್ಕೆಯಿಟ್ಟು ಪ್ರತಿಯೊಂದಕ್ಕೂ ಕುಂಕುಮದ ಕಡೆಯಿಂದ ಹೊರಗೆ ಬಾಲ ಎಳೆದಳು. ಸೂರ್ಯ ಯಾಕೆ ನಡುವೆ ಇಲ್ಲ ಎಂದು ಕೇಳಿದೆ. ಇದರ ಹಾದಿ ಹಾಗೇ, ಒಂದು ಕಡೆಗೆ ಓರೆ, ಎಂದಳು. ಆಮೇಲೆ ನನ್ನನ್ನು ಆ ಗೆರೆಯ ಮೇಲೆ ನಡೆಸಿದಳು. ಗೇಟಿನ ಹತ್ತಿರ ಹೆಜ್ಜೆ ಎಣಿಸುವಂತೆ ನಿಧಾನ, ಕುಂಕುಮದ ಹತ್ತಿರ ಬರುತ್ತಾ ಬರುತ್ತಾ ಜೋರು, ಸುತ್ತು ಹಾಕುವಾಗ ಓಟ, ದೂರ ಹೋಗುತ್ತಾ ಮತ್ತೆ ನಿಧಾನ.

“ಅಲ್ಲಿ ದೂರ ಇದ್ದಾಗ ಅದಕ್ಕ ಬಾಲಾನೂ ಇರಂಗಿಲ್ಲ. ಬರೇ ಹೊಲಸು ಮಂಜಿನ ಹೆಂಟಿ. ಸೂರ್ಯನ ಹತ್ರ ಬಂದ್ರ ಕರಗಿ, ಹಬಿ ಎದ್ದು, ಬಾಲ ಆಗತೈತಿ. ಬಂದಾಗೊಮ್ಮೆ ಒಂದೀಟು ಕಳಕೊಂಡು ಹೋಗತೈತಿ.”

ನಾನು ಮೂರನೆಯದೋ ನಾಲ್ಕನೆಯದೋ ಸುತ್ತು ಓಡುವಾಗ ಅವ್ವ ಹೊರಗೆ ಬಂದಳು. ಹೊಸ್ತಿಲ ಮೇಲೆ ನಿಂತು ಗೆರೆಯನ್ನು ನೋಡಿದಳು, ಕುಂಕುಮ ನೋಡಿದಳು, ಬಾಲಗಳನ್ನು ನೋಡಿದಳು. ಅವಳ ಮುಖ ಸುಣ್ಣವಾಯಿತು.

“ಇದೇನ ಕಸ್ತೂರಿ? ಅದನ್ನ ನಮ್ಮ ಬಾಗಲಿಗೇ ಬರದು ಕರ್ಯಾಕತ್ತೀಯೇನು?”

“ಅಲ್ರೀ ಅತ್ತಿ, ಸುಮಾ ಹೆದರಿದ್ಲು, ಅದಕ್ಕ ತಿಳಿಸಿ ಹೇಳಾಕ...”

ಅವ್ವ ಕೇಳಲಿಲ್ಲ. ಬಚ್ಚಲಿನಿಂದ ಬಕೆಟ್ಟು ತಂದು ನೀರು ಹೊಡೆದಳು. ಕುಂಕುಮ ಕರಗಿ ಕೆಂಪು ನೀರು ಹೊಸ್ತಿಲ ಕಡೆಗೇ ಹರಿದು ಬಂದಿತು. ಅದನ್ನು ಕಂಡು ಅವ್ವ ಇನ್ನಷ್ಟು ಗಾಬರಿಯಾದಳು. ಅಂದಿನಿಂದ ಅವಳ ಮಾತು ನಿಂತಿತು. ಅಪ್ಪನಿಗೆ ಮಾತ್ರ ಇದೆಲ್ಲ ತಮಾಷೆಯಾಗಿ ಕಂಡಿರಬೇಕು. ಮಧ್ಯಾಹ್ನ ಊಟಕ್ಕೆ ಬಂದಾಗ ಅಂಗಳದ ಕಥೆಯನ್ನು ನನ್ನಿಂದ ಕೇಳಿ, ಅಡುಗೆಮನೆಯ ಕಡೆ ಮುಖ ಮಾಡಿ ಜೋರಾಗಿ ಅಂದ:

“ಏ ಕಸ್ತೂರಿ, ಇವತ್ತ ಸಂಜಿಕ ನನಗೂ ತೋರಸವ್ವ ಅದನ್ನ. ಗಿರಾಕಿಗಳು ಬಂದು ಬಂದು ಕೇಳ್ತಾರ, ನನಗೇನೂ ಹೇಳಾಕ ಬರಂಗಿಲ್ಲ.”

ಅಪ್ಪ ಅಂದು ಅಂಗಡಿಯಿಂದ ಬೇಗ ಬಂದ. ಕರೆಂಟು ಹೋಗಿತ್ತು. ಅವನು ಗೋಡೆ ಹಿಡಿದು ನಿಧಾನ ಮೆಟ್ಟಿಲು ಹತ್ತಿದ, ಹಿಂದೆ ನಾನು. ನಡುವೆ ಒಂದು ಕಡೆ ನಿಂತ. ಮುಂದೆ ಕಂದೀಲು ಹಿಡಿದಿದ್ದ ವೈನಿ ತಿರುಗಿ, “ಕೈ ಕೊಡ್ರಿ ಮಾವಾರ” ಎಂದಳು. “ಏನಿಲ್ಲ, ನಡಿ ನಡಿ” ಎಂದ. ಮೇಲೆ ಹೋದ ಮೇಲೆ ಬಹಳ ಹೊತ್ತು ಅದನ್ನೇ ನೋಡಿದ. ಆಮೇಲೆ ಜವಳಿ ಆರಿಸುವವನ ಹಾಗೆ ಒಂದೊಂದೇ ಕೇಳತೊಡಗಿದ.

“ಅದು ಸೂರ್ಯಾನ ಕಡಿಗೇ ಬರ್ತೈತಿ ಅಂದ್ರ, ಸೂರ್ಯಾನಾಗ ಯಾಕ ಬೀಳಂಗಿಲ್ಲ?”

“ಬೀಳಾಕ ಹತ್ತಿರ್ತೈತ್ರಿ ಮಾವಾರ. ಆದ್ರ ಅಷ್ಟು ಜೋರ್ ಬರ್ತಿರ್ತೈತಲ್ಲ, ಸೂರ್ಯನ ಬಾಜೂಕ ಹಾದು ಹೋಗಿಬಿಡತೈತಿ. ಒಂದೊಂದು ಖರೇನ ಬಿದ್ದು ಸುಟ್ಟು ಹೋಗ್ತಾವ.”

“ಮತ್ತ ಇದು ಯಾವಾಗ ಬರ್ತೈತಿ?”

“ಇನ್ನ ಎರಡು ಸಾವಿರ ವರ್ಷ ದಾಟಬೇಕ್ರಿ.”

ಅಪ್ಪ ಕತ್ತಲಲ್ಲಿ ಗುಡ್ಡದ ಕಡೆ ನೋಡಿದ. ಅಲ್ಲಿ ಬಂಡೆಯ ಮೇಲೆ ಅಶೋಕನ ಕಾಲದ ಅಕ್ಷರಗಳಿವೆ. ನಮಗೆಲ್ಲ ಅದು ಶಾಲೆಯಿಂದ ಕರೆದುಕೊಂಡು ಹೋಗಿ ತೋರಿಸುವ ಜಾಗ.

“ಅಂದ್ರ, ಆ ಬಂಡಿ ಮ್ಯಾಲ ಬರದು ಎಷ್ಟು ದಿನ ಆತೋ, ಇನ್ನ ಅಷ್ಟು ದಿನ ಆಗಬೇಕು,” ಎಂದ. “ಚಲೋ ಆತು ಬಿಡವ್ವ ತೋರಿಸಿದ್ದು. ಇಲ್ಲಾಂದ್ರ ನಾ ಹಂಗ ಸತ್ತು ಹೋಗ್ತಿದ್ದೆ.”

ಈ ಕೊನೆಯ ಮಾತು ಕೆಳಗೆ ಮೆಟ್ಟಿಲ ಬುಡದಲ್ಲಿ ನಿಂತಿದ್ದ ಅವ್ವನ ಕಿವಿಗೂ ಬಿದ್ದಿತ್ತು.

ಇಳಿಯುವಾಗ ಅಪ್ಪ ಅರ್ಧದಲ್ಲಿ ಕುಳಿತ. ಕಾಲು ಜಾರಿತೆಂದು ನಾನು ಅಂದುಕೊಂಡೆ. ವೈನಿ ಕಂದೀಲು ಹತ್ತಿರ ಹಿಡಿದಾಗ ಅವನ ಅಂಗಿ ಬೆವರಿನಿಂದ ತೊಯ್ದು ಮೈಗೆ ಅಂಟಿತ್ತು, ಒಂದು ಕೈ ಎದೆಯ ಮೇಲಿತ್ತು. ಅಣ್ಣ ಓಡಿ ಬಂದ. ಬಾನು ಖಾಲಾಳ ಮಗ ಜೀಪು ತಂದ. ಸಿಂಧನೂರಿನ ದವಾಖಾನೆಗೆ ಒಯ್ಯಬೇಕೆಂದರು. ಜೀಪಿನ ಹಿಂದೆ ಅವ್ವ ಅಪ್ಪನ ತಲೆ ತೊಡೆಯ ಮೇಲಿಟ್ಟುಕೊಂಡು ಕೂತಳು, ಅಣ್ಣ ಮುಂದೆ ಕೂತ. ಅಂಗಳದಲ್ಲಿ ನಾನೂ ವೈನಿಯೂ ಉಳಿದೆವು. ಜೀಪು ಸಿಂಧನೂರು ಮುಟ್ಟಲಿಲ್ಲ. ದಾರಿಯಲ್ಲೇ ತಿರುಗಿಸಿಕೊಂಡು ಬಂದರು.

ಅವ್ವ ಆ ಮಾತನ್ನು ಒಂದೇ ಸಲ ಅಂದಳು. ಮಣ್ಣು ಮಾಡಿ ಬಂದ ಮೇಲೆ ಪಡಸಾಲೆಯ ತುಂಬ ನೆಂಟರು ಕೂತಿದ್ದರು. ವೈನಿ ಅವ್ವನಿಗೆ ಕುಡಿಯಲು ನೀರು ತಂದು ಮುಂದೆ ಹಿಡಿದಳು. ಅವ್ವ ಲೋಟ ತೆಗೆದುಕೊಳ್ಳಲಿಲ್ಲ.

“ಬಾಗಲಿಗೆ ಬರದಿ. ಸಾಲದಕ್ಕ ಮ್ಯಾಲ ಕರಕೊಂಡು ಹೋಗಿ ತೋರಿಸಿದಿ. ಈಗ ನೀರು ಕುಡಸಾಕ ಬಂದೀಯೇನು?”

ಎಲ್ಲರೂ ಕೇಳಿದರು. ಯಾರೂ ಹಾಗಲ್ಲ ಎನ್ನಲಿಲ್ಲ. ಅಣ್ಣ ಗೋಡೆಗೆ ಒರಗಿ ಕೂತಿದ್ದ. ವೈನಿ ಅವನ ಕಡೆ ನೋಡಿದಳು. ಅವನು ತನ್ನ ಕಾಲಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಅವನು ಕಾಲೇಜು ಓದಿದವನು, ಬಾಲಚುಕ್ಕಿಯಿಂದ ಯಾರೂ ಸಾಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ವೈನಿ ನೀರಿನ ಲೋಟ ಹಿಡಿದುಕೊಂಡೇ ಒಳಗೆ ಹೋದಳು.

ಅಲ್ಲಿಂದ ಮುಂದೆ ಮನೆಯಲ್ಲಿ ಅವಳಿಗೆ ಯಾರೂ ಬೈಯಲಿಲ್ಲ, ಯಾರೂ ಕೈ ಮಾಡಲಿಲ್ಲ. ಅವಳು ರೊಟ್ಟಿ ಬಡಿದರೆ ಅವ್ವ ತನ್ನ ರೊಟ್ಟಿ ತಾನೇ ಬೇರೆ ಬಡಿದುಕೊಂಡಳು. ದೇವರ ಕೋಣೆಗೆ ನೀರು ತುಂಬುವ ಕೆಲಸ ನನಗೆ ಬಂತು. ಬಾಗಿಲ ರಂಗೋಲಿಯೂ ನನಗೇ ಬಂತು. ನಾನು ಕಲಿತಿದ್ದ ಒಂದೇ ಒಂದು ಚುಕ್ಕಿ ರಂಗೋಲಿಯನ್ನು ದಿನಾ ಹಾಕುತ್ತಿದ್ದೆ. ಅಣ್ಣ ಕೊನೆಯ ಬಸ್ಸಿಗೆ ಬರತೊಡಗಿದ. ವೈನಿಯ ಮಾತು ಮೊದಲು ಕಡಿಮೆಯಾಯಿತು, ಆಮೇಲೆ ನಿಂತಿತು. ಜೋಳ ಹಸನು ಮಾಡುವಾಗ ಮೊರದ ಸದ್ದು ಮಾತ್ರ ಕೇಳುತ್ತಿತ್ತು. ನಾನು ಹತ್ತಿರ ಕೂತು ಬಾಲಚುಕ್ಕಿ ಈಗ ಎಲ್ಲಿಯವರೆಗೆ ಹೋಗಿರಬಹುದು ಎಂದು ಕೇಳಿದೆ. ಅದು ಅಷ್ಟೊತ್ತಿಗೆ ನಮ್ಮ ಆಕಾಶದಿಂದ ಇಳಿದುಹೋಗಿತ್ತು. ಅವಳು ತಲೆ ಎತ್ತದೆ, “ಹೋತು” ಎಂದಳು. ಒಮ್ಮೆ ಮಾತ್ರ, ಹಿತ್ತಲಲ್ಲಿ ಬಟ್ಟೆ ಹಿಂಡುತ್ತಾ, ನನ್ನನ್ನಲ್ಲ, ಬಟ್ಟೆಯನ್ನು ಕೇಳಿದಂತೆ ಕೇಳಿದಳು:

“ಮೆಟ್ಟಲ ಮ್ಯಾಲ ನಿಂತಾಗನ ವಾಪಸ್ ಕರಕೊಂಡು ಬರಬೇಕಿತ್ತೇನು ನಾನು?”

ಪಂಚಮಿ ಹತ್ತಿರ ಬಂತು. ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಮುದಗಲ್ಲಿನಿಂದ ಅವಳ ತಮ್ಮ ಕರೆಯಲು ಬಂದ. ಅವ್ವ ಆ ದಿನ ಬೆಳಗ್ಗೆ ಎದ್ದು ಉಂಡಿ ಕಟ್ಟಿದಳು, ಶೇಂಗಾದ್ದು, ಎಳ್ಳಿನದು. ಅದನ್ನೆಲ್ಲ ಡಬ್ಬಿಗೆ ತುಂಬಿ, ಓಣಿಯ ಒಬ್ಬ ಮುತ್ತೈದೆಯನ್ನು ಕರೆಸಿ ವೈನಿಯ ಹಣೆಗೆ ಕುಂಕುಮ ಹಚ್ಚಿಸಿ, ಉಡಿ ತುಂಬಿಸಿ ಕಳಿಸಿದಳು. ಅದನ್ನು ಕಂಡು ಎಲ್ಲ ಸರಿಹೋಯಿತೆಂದು ನಾನು ಕುಣಿದೆ. ವೈನಿ ನನ್ನ ಜಡೆ ಸರಿ ಮಾಡಿ, ಬಸ್ಸು ಹತ್ತಿದಳು. ಪಂಚಮಿ ಮುಗಿಯಿತು, ಗಣಪತಿ ಹಬ್ಬ ಮುಗಿಯಿತು, ದಸರಾ ಬಂತು. ಕರೆತರಲು ಯಾರೂ ಹೋಗಲಿಲ್ಲ. ನಾನು ಕೇಳಿದಾಗಲೆಲ್ಲ ಅವ್ವ, “ಇರಲಿ ಬಿಡು, ತವರಾಗ ನಾಕು ದಿನ” ಎನ್ನುತ್ತಿದ್ದಳು. ಅಣ್ಣನ ಆಫೀಸಿನಿಂದ ಮುದಗಲ್ಲು ಒಂದು ಬಸ್ಸಿನ ದಾರಿ. ಅವನು ಆ ಬಸ್ಸು ಹತ್ತಲಿಲ್ಲ. ದೀಪಾವಳಿ ಆದ ಮೇಲೆ ಅವಳ ತಂದೆ ಒಬ್ಬರೇ ಬಂದು ಪಡಸಾಲೆಯಲ್ಲಿ ಕೂತು, ಕೊಟ್ಟ ಚಹಾ ಕುಡಿಯದೆ ಹೋದರು. ಮುಂದೊಂದು ದಿನ ಎರಡೂ ಕಡೆಯ ಹಿರಿಯರು ಕೂತು ಬಿಡುಗಡೆ ಮಾಡಿದರು. ಅವಳ ಟ್ರಂಕನ್ನು ಅದೇ ಜೀಪಿನಲ್ಲಿ ಹಾಕಿ ಕಳಿಸಿದರು. ಅಣ್ಣನಿಗೆ ಗುರುಗುಂಟಾದ ಕಡೆಯಿಂದ ಬೇರೆ ಹೆಣ್ಣು ತಂದರು. ಹೊಸ ವೈನಿ ಒಳ್ಳೆಯವಳು, ಕಡಿಮೆ ಮಾತಿನವಳು. ಅವ್ವನಿಗೆ ಹೊಂದಿಕೊಂಡಳು.

ನಾನು ವಿಜ್ಞಾನ ಓದಿದೆ. ಸಿಂಧನೂರಿನ ಒಂದು ಶಾಲೆಯಲ್ಲಿ ಈಗಲೂ ಅದನ್ನೇ ಕಲಿಸುತ್ತೇನೆ. ಧೂಮಕೇತುವಿನ ಪಾಠ ಬಂದಾಗ ಬೋರ್ಡಿನ ಮೇಲೆ ಉದ್ದನೆಯ ಗೆರೆ ಎಳೆದು, ಹತ್ತಿರ ಬಂದಾಗ ವೇಗ, ದೂರ ಹೋದಾಗ ನಿಧಾನ, ಬಾಲ ಯಾವಾಗಲೂ ಸೂರ್ಯನಿಗೆ ವಿರುದ್ಧ ಎಂದು ಹೇಳುತ್ತೇನೆ. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಸರಿಯಾಗಿ ಬರೆಯುತ್ತಾರೆ. ಇದನ್ನು ತಿಳಿದುಕೊಂಡರೆ ಬದುಕಿನಲ್ಲಿ ಏನಾದರೂ ಆಗುತ್ತದೆ ಎಂದು ಮಾತ್ರ ನಾನು ಯಾವ ಮಗುವಿಗೂ ಹೇಳಿಲ್ಲ. ನಮ್ಮ ಮನೆಯಲ್ಲಿ ಅದನ್ನು ಎಲ್ಲರಿಗಿಂತ ಚೆನ್ನಾಗಿ ತಿಳಿದಿದ್ದವಳು ಒಬ್ಬಳೇ.

ಅವ್ವ ಕೊನೆಯ ದಿನಗಳಲ್ಲಿ ಸಿಂಧನೂರಿನ ನನ್ನ ಮನೆಯಲ್ಲಿದ್ದಳು. ಮಂಚ ಬಿಟ್ಟು ಏಳುತ್ತಿರಲಿಲ್ಲ. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದಾಗ ತಾನಾಗಿಯೇ ಅಪ್ಪನ ಮಾತು ತೆಗೆದಳು.

“ನಿಮ್ಮಪ್ಪಗ ಅದಕ್ಕೂ ಮೊದಲ ಎರಡು ಸಲ ಎದಿ ಹಿಡದಿತ್ತು. ಆ ಸಂಕ್ರಾಂತಿ ಹಿಂದ ಮುಂದ. ಹುಡುಗರಿಗೆ ಹೇಳಬ್ಯಾಡ, ಹೆದರ್ತಾವ ಅಂದ. ನಾ ಹೇಳಲಿಲ್ಲ.”

ನಾನು ಚಮಚವನ್ನು ಬಟ್ಟಲಿಗೆ ಇಳಿಸಿದೆ.

“ಮತ್ತ ವೈನಿಗೆ ಹಂಗ ಯಾಕ ಅಂದಿ ಅವ್ವ?”

ಅವಳು ಮಾಡಿನ ಫ್ಯಾನನ್ನು ನೋಡುತ್ತಾ ಹೇಳಿದಳು.

“ಮೆಟ್ಟಲ ಕೆಳಗ ನಾನ ನಿಂತಿದ್ದೆ. ಹತ್ತಬ್ಯಾಡ್ರಿ ಅಂತ ಒಂದು ಮಾತು ಅಂದಿದ್ರ ಆಗತಿತ್ತು. ಅಕಿ ಮ್ಯಾಲಿನ ಸಿಟ್ಟಿಗೆ ಅನ್ನಲಿಲ್ಲ. ಮಾತು ಬಿಟ್ಟಿದ್ದೆನಲ್ಲ.” ನನ್ನ ಕಡೆ ತಿರುಗಿ ಅಂದಳು: “ಅಕಿ ಅಲ್ಲಾಂದ್ರ, ನಾನ ಆಗತಿದ್ದೆ.”

ನನಗೆ ಅವಳ ಮೇಲೆ ಸಿಟ್ಟು ಬರಬೇಕಿತ್ತು. ಬಾಯಿ ಒರೆಸಿದೆ. ಅವಳು ಕಣ್ಣು ಮುಚ್ಚಿಕೊಂಡಳು. ಆ ಮಳೆಗಾಲ ಅವ್ವ ಹೋದಳು. ಅವಳ ದಿನಕರ್ಮ ಮುಗಿದ ಮೇಲೆ ಲಿಂಗಸುಗೂರಿನಲ್ಲಿ ಅಣ್ಣನ ಮನೆಗೆ ಹೋಗಿ ಇದನ್ನು ಹೇಳಿದೆ. ಅವನಿಗೀಗ ನಿವೃತ್ತಿ ಹತ್ತಿರ ಬಂದಿದೆ. ಕೇಳಿದ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ, ಮತ್ತೆ ಹಾಕಿಕೊಂಡ. “ಅವ್ವನೂ ಹೋದ್ಲು. ಈಗ ಅದನ್ನೆಲ್ಲ ಯಾಕ ಕೆದಕತಿ?” ಎಂದು ಟಿವಿಯ ಸದ್ದು ಹೆಚ್ಚಿಸಿದ.

ನಾನು ಮುದಗಲ್ಲಿಗೆ ಹೋದದ್ದು ಮೊನ್ನೆ ಮೊನ್ನೆ ಇನ್ನೊಂದು ಧೂಮಕೇತು ಬಂದ ದಿನಗಳಲ್ಲಿ. ಅದೂ ಸಂಜೆ ಪಶ್ಚಿಮಕ್ಕೆ ಕಾಣುತ್ತಿತ್ತು, ಎಲ್ಲರ ಮೊಬೈಲಿನಲ್ಲೂ ಫೋಟೊ ಓಡಾಡುತ್ತಿತ್ತು. ಕಸ್ತೂರಿ ವೈನಿ ಕೋಟೆಯ ಹತ್ತಿರದ ಓಣಿಯಲ್ಲಿ ತಮ್ಮನ ಮನೆಯ ಮುಂದಿನ ಕೋಣೆಯಲ್ಲಿ ಇದ್ದಾಳೆ. ಮತ್ತೆ ಓದಲಿಲ್ಲ, ಮತ್ತೆ ಮದುವೆಯಾಗಲಿಲ್ಲ. ಸೀರೆಗೆ ಫಾಲು ಹಚ್ಚಿ ಕೊಡುತ್ತಾಳೆ. ಬಾಗಿಲಲ್ಲಿ ನಿಂತ ನನ್ನನ್ನು ಗುರುತು ಹಿಡಿಯಲು ಅವಳಿಗೆ ಹೊತ್ತು ಬೇಕಾಯಿತು. ಹಿಡಿದ ಮೇಲೆ ಚಾಪೆ ಹಾಸಿದಳು, ತಂಬಿಗೆಯಲ್ಲಿ ನೀರು ಕೊಟ್ಟಳು. ನಾನು ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಬಿಟ್ಟು, ಅವ್ವ ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಅವಳ ಕೈ ಸೂಜಿ ಓಡಿಸುತ್ತಲೇ ಇತ್ತು.

“ನಿಮ್ಮ ಅವ್ವಾರು ಹೇಳಲಿ ಬಿಡಲಿ, ನಾ ತೋರ್ಸಬಾರದಿತ್ತು ಸುಮಾ,” ಎಂದಳು.

“ವೈನಿ, ಅದರಿಂದ ಏನೂ ಆಗಂಗಿಲ್ಲ ಅಂತ ನೀವ ನನಗ ಹೇಳಿಕೊಟ್ಟೀರಿ.”

“ಅದು ಗೊತ್ತೈತಿ ನನಗ. ಅದು ಅದರ ಹಾದ್ಯಾಗ ಹೋತು. ಆದ್ರ ಮಾವಾರ್ನ ಮೆಟ್ಟಲ ಹತ್ತಿಸಿದಾಕಿ ನಾನ. ಎಷ್ಟು ವರ್ಷ ಕುಂತು ವಿಚಾರ ಮಾಡೀನಿ. ಎಲ್ಲಿಂದ ಹೊಂಟ್ರೂ ಅಲ್ಲಿಗೇ ಬರ್ತೀನಿ.”

ಹೊರಗೆ ಬೆಳಕು ಇಳಿಯುತ್ತಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಇವತ್ತೂ ಒಂದು ಕಾಣುತ್ತದೆ, ಬಯಲಿಗೆ ಹೋಗಿ ನೋಡೋಣ ಬರ್ರಿ ಎಂದೆ. ಮಗುವಿನ ಹಾಗೆ ಕೈ ಹಿಡಿದು ಎಳೆದೆ ಕೂಡ. ಅವಳು ಕೈ ಬಿಡಿಸಿಕೊಂಡಳು, ಸಿಟ್ಟಿನಿಂದಲ್ಲ.

“ಬ್ಯಾಡವ್ವ. ನೀ ನೋಡಿ ಹೋಗು.”

ಅವಳು ಫಾಲಿನ ಒಂದು ಬದಿ ಮುಗಿಸಿ, ದಾರ ಕಡಿದು, ಸೀರೆಯನ್ನು ತಿರುಗಿಸಿಕೊಂಡಳು.

“ನಿಮ್ಮಣ್ಣಾರಿಗೆ ಹೇಳೀಯೇನು ಇದನ್ನ?”

“ಹೇಳೀನಿ ವೈನಿ.”

“ಏನಂದ್ರು?”

ಟಿವಿಯ ಸದ್ದು ನನ್ನ ಕಿವಿಯಲ್ಲಿತ್ತು. “ಭಾಳ ಅತ್ತ,” ಎಂದೆ. “ನಿಮಗ ಅನ್ಯಾಯ ಆತು ಅಂದ.”

ಅವಳು ನನ್ನ ಮುಖ ನೋಡಿದಳು. ಸಣ್ಣವಳಿದ್ದಾಗ ನಾನು ತಪ್ಪು ಲೆಕ್ಕ ಮಾಡಿ ತಂದರೆ ಹೀಗೇ ನೋಡುತ್ತಿದ್ದಳು, ಬೈಯುತ್ತಿರಲಿಲ್ಲ.

“ಇಲ್ಲ ಬಿಡು,” ಎಂದಳು. “ಅವರು ಏನೂ ಅಂದಿರಂಗಿಲ್ಲ.”

ಆಮೇಲೆ ಸೂಜಿಗೆ ಹೊಸ ದಾರ ಪೋಣಿಸಲು ನೋಡಿದಳು. ಬೆಳಕು ಸಾಲಲಿಲ್ಲ, ಕಣ್ಣೂ ಸಾಲಲಿಲ್ಲ. ದಾರದ ತುದಿ ಮತ್ತೆ ಮತ್ತೆ ಸೂಜಿಗಣ್ಣಿನ ಬದಿಗೆ ಸರಿಯುತ್ತಿತ್ತು. ನಾನು ಅವಳ ಕೈಯಿಂದ ಸೂಜಿ ತೆಗೆದುಕೊಂಡು ಪೋಣಿಸಿ ಕೊಟ್ಟೆ. ಅವಳು ಫಾಲಿನ ಇನ್ನೊಂದು ಬದಿ ಹಚ್ಚತೊಡಗಿದಳು.